ಈರಕ್ಕನ ಮಾವಿಗೆ ಒಂಬತ್ತು ಕಡ್ಡಿ

ಯಗಟಿಯ ಹನುಮಂತಪ್ಪನಿಗೆ ಗೊತ್ತಿದ್ದ ಮರ ಒಂದೇ, ತೆಂಗು. ತಾತ ನೆಟ್ಟದ್ದು, ಅಪ್ಪ ನೀರು ಹೊತ್ತು ಹಾಕಿದ್ದು, ತಾನು ಹತ್ತಿ ಇಳಿದದ್ದು ಎಲ್ಲ ತೆಂಗೇ. ಉಳಿದ ಮರಗಳೆಲ್ಲ ತೆಂಗಾಗಲು ಹೋಗಿ ಕೆಟ್ಟಂಥವು ಎಂದು ಅವನ ಎಣಿಕೆ.

ಅವನ ಹೆಂಡತಿ ಈರಕ್ಕ ಲಕ್ಕವಳ್ಳಿ ಕಡೆಯವಳು, ಕಾಡಿನ ಅಂಚಿನಲ್ಲಿ ಬೆಳೆದವಳು. ಮದುವೆಯಾಗಿ ಬರುವಾಗ ಒಂದು ಮಾವಿನ ಸಸಿಯನ್ನು ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲಿ ಬಂದಿದ್ದಳು. ತವರಿನ ಹಳ್ಳದ ದಂಡೆಯ ಅಪ್ಪೆಮಿಡಿ. ಅದನ್ನು ಬಾವಿಯ ಪಕ್ಕ ನೆಟ್ಟು ಹದಿನೈದು ವರ್ಷ ಸಾಕಿದಳು. ಆ ರಾಗಿ ಸೀಮೆಯಲ್ಲಿ ಅಂಥ ಪರಿಮಳದ ಮಿಡಿ ಬೇರೆಲ್ಲೂ ಇರಲಿಲ್ಲ. ಊರಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಎಲೆಯ ತುದಿಗೆ ಬೀಳುತ್ತಿದ್ದದ್ದು ಅವಳ ಉಪ್ಪಿನಕಾಯಿ. ಹೊರಗಿನಿಂದ ಬಂದವಳಿಗೆ ಊರಿನಲ್ಲಿ ಹೆಸರು ತಂದುಕೊಟ್ಟದ್ದು ಆ ಮರ.

ನಾನು, ತರೀಕೆರೆಯ ಷಡಕ್ಷರಿ, ಆಗ ಯಗಟಿಯ ಶಾಲೆಯ ಮೇಷ್ಟ್ರು. ಅವರ ಮನೆಯ ಪಕ್ಕದ ಕೋಣೆಯೇ ನನ್ನ ಬಿಡಾರ, ಊಟವೂ ಅವರಲ್ಲೇ. ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿ ಬಂದು ಎರಡು ವರ್ಷವಾಗಿದ್ದರೂ ಎಲ್ಲ ತಿಳಿದವನೆಂಬ ಜಂಬ ಇಳಿದಿರಲಿಲ್ಲ. ಅದನ್ನು ಇಳಿಸಿದವಳು ಈರಕ್ಕ.

ಜರ್ಮನ್ ಯುದ್ಧ ನಡೆಯುತ್ತಿದ್ದ ಕಾಲ. ಶಿವರಾತ್ರಿ ಕಳೆದ ಮೇಲೆ ಈರಕ್ಕ ತಂಗಿಯ ಬಾಣಂತನಕ್ಕೆಂದು ಲಕ್ಕವಳ್ಳಿಗೆ ಹೋದಳು. ಅವಳು ಬರುವಷ್ಟರಲ್ಲಿ ಏನಾದರೂ ಒಳ್ಳೆಯ ಕೆಲಸ ಮಾಡಿ ಮೆಚ್ಚಿಸಬೇಕೆಂದು ಹನುಮಂತಪ್ಪನಿಗೆ ಹುಮ್ಮಸ್ಸು ಬಂತು. ಇಲಿ, ಅಳಿಲು ಪ್ರತಿ ವರ್ಷ ಮಿಡಿ ಕಚ್ಚಿ ಉದುರಿಸುತ್ತಿದ್ದವು. ತೆಂಗಿನ ಮರಕ್ಕೆ ಅವು ಹತ್ತದಂತೆ ಅವನದೊಂದು ಉಪಾಯವಿತ್ತು: ಕಾಂಡದ ಸುತ್ತ ಒಂದು ಗೇಣು ಅಗಲ ಮಚ್ಚಿನಿಂದ ನುಣ್ಣಗೆ ಹೆರೆದುಬಿಡುವುದು. ಅದನ್ನೇ ಮಾವಿಗೂ ಮಾಡಿದ. ತೊಗಟೆಯೆಲ್ಲ ಹೋಗಿ ಬಿಳಿ ಮರ ಕಾಣುವ ತನಕ ಸುತ್ತಲೂ ಹೆರೆದ. ನಾನು ನೋಡಿ ಭೇಷ್ ಎಂದೆ. ಮಕ್ಕಳಿಗೆ ಸಸ್ಯಗಳ ಪಾಠ ಹೇಳುತ್ತಿದ್ದ ಮನುಷ್ಯ ನಾನು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಆ ವರ್ಷ ಮಿಡಿ ಎಂದೂ ಇಲ್ಲದಷ್ಟು ಗೊಂಚಲು ಗೊಂಚಲಾಗಿ ನಿಂತಿತು. ಹನುಮಂತಪ್ಪ ಮೀಸೆ ತಿರುವಿಕೊಂಡು ಓಡಾಡಿದ. ಪಕ್ಕದ ಮನೆಯ ಅಂಜಿನಪ್ಪ ತನ್ನ ಹೊಲದ ಮಾವನ್ನೂ ಹೆರೆಯಲು ಮಚ್ಚು ಮಸೆದಿಟ್ಟ.

ಯುಗಾದಿ ಕಳೆದು ಈರಕ್ಕ ಬಂದಳು. ಗಂಟು ಇಳಿಸಿ ನೀರು ಕುಡಿಯುವ ಮೊದಲೇ ಮರದ ಹತ್ತಿರ ಹೋದಳು. ಹೆರೆದ ಜಾಗದ ಸುತ್ತ ಕೈಯಾಡಿಸಿ ನೋಡಿದಳು. ಆಮೇಲೆ ಗಂಡನೊಡನೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನೆಲ್ಲ ನನ್ನ ಮುಖ ನೋಡಿ ಹೇಳತೊಡಗಿದಳು.

"ಮೇಷ್ಟ್ರೇ, ನಿಮ್ಮ ಸ್ನೇಹಿತ್ರನ್ನ ಕೇಳಿ. ನಾನು ಅವರಿಗೇನು ಅನ್ಯಾಯ ಮಾಡಿದ್ದೆ ಅಂತ."

"ಲೇ, ಮರ ಹಸಿರಾಗೇ ಐತೆ ಕಣೇ. ತೆಂಗಿಗೆ ಹೆರೆದಾಗ ಏನಾಯ್ತು?" ಎಂದ ಹನುಮಂತಪ್ಪ.

"ಅವರಿಗೆ ಹೇಳಿ ಮೇಷ್ಟ್ರೇ. ನಮ್ಮ ಕಡೆ ಕಾಡು ಕಡಿಯೋರು ದೊಡ್ಡ ಮರ ಸಾಯ್ಸೋದೇ ಹಿಂಗೆ. ಸುತ್ತ ಸುಲಿದು ಬಿಟ್ಬಿಡ್ತಾರೆ. ಒಂದಷ್ಟು ದಿನ ಹಸಿರಾಗಿರ್ತೈತೆ. ಆಮೇಲೆ ಸೌದೆ."

ಗಾಯದ ಮೇಲಂಚನ್ನು ತೋರಿಸಿದಳು. ತೊಗಟೆ ಬೆರಳು ದಪ್ಪಕ್ಕೆ ಊದಿತ್ತು. ಕೆಳಂಚು ಸುಕ್ಕಾಗಿತ್ತು. "ಮೇಲಿಂದ ಬರೋ ಊಟ ಇಲ್ಲೇ ನಿಂತೈತೆ. ಅದಕ್ಕೇ ಈ ಪಾಟಿ ಮಿಡಿ. ಕೆಳಗಿನೋರು ಉಪವಾಸ."

ಆಗ ನನ್ನ ತಲೆಗೆ ಬೆಳಕು ಬಿತ್ತು. ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆ. ನೀರು ಇರುವುದು ಬೇರಿನ ಹತ್ತಿರ, ಊಟ ತಯಾರಾಗುವುದು ಎಲೆಯಲ್ಲಿ, ನಡುವೆ ಇಪ್ಪತ್ತು ಮೂವತ್ತು ಅಡಿ. ಸಾಗಿಸುವ ನಾಳಗಳಿಲ್ಲದಿದ್ದರೆ ಎಲೆ ಬಾಯಾರಿ ಸಾಯಬೇಕು, ಬೇರು ಹಸಿದು ಸಾಯಬೇಕು. ಮಾವಿನ ಕಡ್ಡಿಯೊಂದನ್ನು ಅಡ್ಡ ಕೊಯ್ದು ಹನುಮಂತಪ್ಪನಿಗೆ ತೋರಿಸಿದೆ. ಒಳಗಿನ ಮರದಲ್ಲಿ ನೀರು ಮೇಲೇರುತ್ತದೆ. ತೊಗಟೆಗೆ ಅಂಟಿಕೊಂಡ ತೆಳುವಾದ ಪದರದಲ್ಲಿ ಊಟ ಕೆಳಗಿಳಿಯುತ್ತದೆ. ಆ ಪದರ ಸುತ್ತಲೂ ಬಳೆಯ ಹಾಗಿದೆ, ಬಳೆ ಹೋದರೆ ದಾರಿಯೇ ಹೋಯಿತು. ಹೋದ ವರ್ಷ ಗಾಳಿಗೆ ಬಿದ್ದ ತೆಂಗಿನ ಬೊಡ್ಡೆಯ ಬಳಿಗೂ ಕರೆದೊಯ್ದೆ. ಅದರ ಅಡ್ಡಕೊಯ್ತದ ತುಂಬ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು. ಒಂದೊಂದು ಚುಕ್ಕೆಯಲ್ಲೂ ಏರುವ ನಾಳ, ಇಳಿಯುವ ನಾಳ ಎರಡೂ ಉಂಟು. ಹೊರಗೆ ಹೆರೆದರೂ ಒಳಗೆ ಸಾವಿರ ದಾರಿ ಉಳಿದಿರುತ್ತವೆ. ಹನುಮಂತಪ್ಪ ಚುಕ್ಕೆಗಳನ್ನು ಒಂದೊಂದಾಗಿ ಸವರಿದ.

"ಹಂಗಾದ್ರೆ ನಾನೇ ಕೊಂದ್ಬಿಟ್ಟೆ," ಎಂದು ಕಣ್ಣೊರೆಸಿಕೊಂಡ.

"ಸತ್ತಿಲ್ಲ ಅಂತ ಹೇಳಿ ಮೇಷ್ಟ್ರೇ," ಎಂದಳು ಈರಕ್ಕ. "ಕಾಲುವೆ ಕಿತ್ಹೋದ್ರೆ ಟೊಳ್ಳು ಮರದ ದೋಣಿ ಅಡ್ಡ ಹಾಕಿ ನೀರು ದಾಟಿಸಲ್ವಾ? ಅದೇ ಮರದ ಕಡ್ಡೀನೇ ದೋಣಿ ಮಾಡಾನ."

ಮೊದಲು ಮರದ ಭಾರ ಇಳಿಸಬೇಕೆಂದು ಮಿಡಿಯನ್ನೆಲ್ಲ ಕೀಳಿಸಿದಳು. ಕೇರಿಯ ಹೆಂಗಸರೆಲ್ಲ ಮೊರ, ಬುಟ್ಟಿ ಹಿಡಿದು ಬಂದರು. ಆ ವರ್ಷ ಉಪ್ಪಿನಕಾಯಿ ಜಾಡಿ ತುಂಬದ ಮನೆಯೇ ಇರಲಿಲ್ಲ. ಮೊದಲ ಮಳೆ ಬಿದ್ದ ಮಾರನೆಯ ದಿನ ಹಗಲೆಲ್ಲ ಕೆಲಸ ನಡೆಯಿತು. ಅಂಜಿನಪ್ಪ ಮಸೆದಿಟ್ಟಿದ್ದ ಮಚ್ಚು ಕಡ್ಡಿ ಕತ್ತರಿಸಲಿಕ್ಕಾಯಿತು. ಒಂಬತ್ತು ಎಳೆ ಕಡ್ಡಿಗಳು. ಎರಡೂ ತುದಿಯನ್ನು ಓರೆಯಾಗಿ ಕೆತ್ತಿ, ಒಂದನ್ನು ಗಾಯದ ಮೇಲಿನ ತೊಗಟೆಯೊಳಕ್ಕೆ, ಇನ್ನೊಂದನ್ನು ಕೆಳಗಿನ ತೊಗಟೆಯೊಳಕ್ಕೆ ತೂರಿಸಿ, ತೆಂಗಿನ ನಾರಿನಲ್ಲಿ ಬಿಗಿದು, ಕೆಮ್ಮಣ್ಣು ಸಗಣಿ ಮೆತ್ತಬೇಕು. ಕಡ್ಡಿ ಮರದಲ್ಲಿದ್ದ ಹಾಗೇ ಬುಡ ಕೆಳಗೆ, ತುದಿ ಮೇಲೆ ಇರಬೇಕು ಎಂದು ಈರಕ್ಕ ನನ್ನ ಮುಖ ನೋಡಿ ನಾಲ್ಕು ಸಲ ಹೇಳಿದಳು.

ಮನೆಯ ಕಡೆಗಿದ್ದ ಒಂಬತ್ತನೆಯದನ್ನು ತಾನೇ ಇಡುತ್ತೇನೆಂದು ಹನುಮಂತಪ್ಪ ಹಟ ಹಿಡಿದ. ಇಟ್ಟ, ನಾರನ್ನೂ ತಾನೇ ಬಿಗಿದ, ಆದರೆ ತಲೆಕೆಳಗಾಗಿ ಇಟ್ಟ. ನಾನು ಬಾಯಿ ತೆರೆಯುವಷ್ಟರಲ್ಲಿ ಈರಕ್ಕ ಕಣ್ಣು ಕೆಕ್ಕರಿಸಿದಳು. ಅವನು ದನ ಬಿಟ್ಟುಕೊಂಡು ಹೋದ ಮೇಲೆ ಅದನ್ನು ಕಿತ್ತು, ಬೇರೆ ಕಡ್ಡಿಯನ್ನು ಸರಿಯಾಗಿ ಕೂರಿಸಿ, ನಾರು ಕಟ್ಟಿ, ಮಣ್ಣು ಮೆತ್ತಿದಳು.

"ಬಾಯಿ ಬಿಟ್ರೆ ಮೇಷ್ಟ್ರೇ, ನಾಳೆಯಿಂದ ಉಪ್ಪಿನಕಾಯಿ ಇಲ್ಲ ನಿಮಗೆ."

ಮುಂಗಾರು ಕಾಲೂರುವ ಹೊತ್ತಿಗೆ ಒಂಬತ್ತರಲ್ಲಿ ಏಳು ಕಡ್ಡಿ ಹಸಿರಾಗಿ ಕೂಡಿಕೊಂಡವು. ಮರ ಕೆಂಪು ಚಿಗುರು ಬಿಟ್ಟ ದಿನ ಈರಕ್ಕ ಗಂಡನ ಕಡೆ ನೇರವಾಗಿ ತಿರುಗಿ, "ಊಟಕ್ಕೆ ಏಳಿ," ಎಂದಳು. ಅಷ್ಟಕ್ಕೇ ಅವನು ಎರಡು ಮುದ್ದೆ ಹೆಚ್ಚಿಗೆ ಉಂಡ. ವರ್ಷ ಕಳೆದಂತೆ ಕಡ್ಡಿಗಳು ತೋಳಿನಷ್ಟು ದಪ್ಪವಾದವು. ಎಲ್ಲಕ್ಕಿಂತ ಪುಷ್ಟವಾದದ್ದು ಮನೆಯ ಕಡೆಗಿದ್ದದ್ದು. ಕಡೂರಿನಿಂದ ಯಾರೇ ನೆಂಟರು ಬರಲಿ, ಹನುಮಂತಪ್ಪ ಅವರನ್ನು ಬಾವಿಯ ಬಳಿಗೆ ಎಳೆದೊಯ್ದು, "ಇದು ನಾನು ಇಟ್ಟದ್ದು," ಎನ್ನುತ್ತಿದ್ದ.

ನಾಲ್ಕು ವರ್ಷದ ಮೇಲೆ ನನಗೆ ಅಜ್ಜಂಪುರಕ್ಕೆ ವರ್ಗವಾಯಿತು. ಗಾಡಿ ಹತ್ತುವಾಗ ಇನ್ನು ಉಪ್ಪಿನಕಾಯಿಯ ಹೆದರಿಕೆಯಿಲ್ಲವೆಂದು ಹನುಮಂತಪ್ಪನಿಗೆ ನಿಜ ಹೇಳಿಬಿಟ್ಟೆ.

"ಗೊತ್ತು ಬಿಡಿ ಮೇಷ್ಟ್ರೇ. ನಾನು ಎಡಚ. ನನ್ನ ನಾರು ಎಡಕ್ಕೆ ಸುತ್ಕೊಂಡಿರ್ತೈತೆ. ಅದು ಬಲಕ್ಕೆ ಸುತ್ತಿತ್ತು. ಮಣ್ಣು ಉದುರಿದ ದಿನಾನೇ ನೋಡ್ದೆ."

"ಮತ್ತೆ ಊರಿಗೆಲ್ಲ ನಾನಿಟ್ಟದ್ದು ಅಂತ ಹೇಳ್ಕೊಂಡು ತಿರುಗ್ತೀಯಲ್ಲಯ್ಯ?"

ಅವನು ಬಾವಿಯ ಕಡೆ ನೋಡಿದ. ಈರಕ್ಕ ಮರದ ಕೆಳಗೆ ನೀರು ಸೇದುತ್ತಿದ್ದಳು.

"ನಾನು ಹಂಗೆ ಅಂದಾಗಲೆಲ್ಲ ಅವಳು ಅತ್ತ ತಿರುಗ್ಕೊಂಡು ನಗ್ತಾಳೆ. ಆ ನಗು ನೋಡಾಕೆ ಹೇಳ್ತೀನಿ ಕಣ್ರೀ."