ಊಟಿಯ ಗಿಡಕ್ಕೆ ಕುಲುಮೆಯ ಬೂದಿ

ನಮ್ಮ ಹಿತ್ತಲಿನ ಮೂಲೆಯಲ್ಲಿ ವೆಲ್ಡಿಂಗ್ ಶೆಡ್ ಹಾಕಬೇಕೆಂದು ಪಕ್ಕದ ಮನೆಯ ಚಿಕ್ಕಪ್ಪ ಹೊಂಚು ಹಾಕಿದ್ದ. ಕಮ್ಮಾರಿಕೆಯ ಕುಲುಮೆಗೆ ಅಲ್ಲಿಯವರೆಗೆ ಅವನ ಅಂಗಳವೇ ಸಾಲುತ್ತಿತ್ತು. ಅಪ್ಪ ಹೋದ ಮೇಲೆ ಅಮ್ಮ ಬಟ್ಟೆ ಒಗೆದು ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದದ್ದು ಆ ಮೂಲೆಯಲ್ಲೇ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಕಾಲೇಜಿನಿಂದ ಊಟಿಗೆ ಹೋದಾಗ ನರ್ಸರಿಯಿಂದ ಒಂದು ಕಾಡುಗಿಡ ತಂದು ಅಲ್ಲಿ ನೆಟ್ಟೆ. ಬೆಟ್ಟದ ಹೂಗಿಡ ರೋಡೊಡೆಂಡ್ರಾನಿನ ಬಳಗದ್ದು, ಕಡ್ಡಿಯಂತೆ ಸಣ್ಣಗಿತ್ತು. ಎಲೆ ಹಿಸುಕಿದರೆ ನೋವಿನ ಮುಲಾಮಿನ ವಾಸನೆ.

“ಏನಮ್ಮಿ, ಊದ್ಬತ್ತಿ ನೆಟ್ಟಿದ್ದೀಯಾ?” ಎಂದ ಚಿಕ್ಕಪ್ಪ.

“ಊಟಿ ಗಿಡ. ಇಲ್ಲೇ ಇರ್ತದೆ.”

“ಕೆ.ಆರ್. ಪೇಟೆ ಬಿಸ್ಲು ಕಂಡಿಲ್ಲ ಅದು. ಯುಗಾದಿವರ್ಗೂ ಬದುಕಿದ್ರೆ ಮೂಲೆ ನಿಂದು. ಒಣಗೋದ್ರೆ ಶೀಟು ಹೊದಿಸ್ಬುಡ್ತೀನಿ. ಆಮೇಕೆ ಮೂತಿ ತಿರುವ್ಬ್ಯಾಡ.”

ಅಮ್ಮ “ಆಯ್ತು ಕಣಪ್ಪ” ಎಂದುಬಿಟ್ಟಳು.

ಇದಕ್ಕೆ ಹುಳಿ ಮಣ್ಣೇ ಬೇಕು, ಸುಣ್ಣದಂಶ ಆಗದು ಎಂದು ನರ್ಸರಿಯವನು ಹೇಳಿದ್ದ. ಬೋರಿನ ನೀರು ಮುಟ್ಟಿಸದೆ ಹಿಡಿದಿಟ್ಟ ಮಳೆನೀರನ್ನೇ ಹಾಕಿದೆ. ಭಾನುವಾರಕ್ಕೊಮ್ಮೆ ಎಲೆ ಎಣಿಸಿ ದಿನಚರಿಯಲ್ಲಿ ಬರೆದೆ. ಚಿಕ್ಕಪ್ಪ ಹಿತ್ತಲಿಗೆ ಕಾಲಿಟ್ಟರೆ ಅವನು ಹೋಗುವವರೆಗೂ ಅಲ್ಲೇ ನಿಂತಿರುತ್ತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಎಲೆಗಳು ಹಳದಿಯಾದವು, ನರಗಳಷ್ಟೇ ಹಸಿರು. ಬುಡ ಕೆದಕಿದರೆ ಮಣ್ಣಿನಡಿ ಬೂದಿಯ ಪದರ. ಕುಲುಮೆಯ ಬೂದಿ. ಒಂದು ಹಿಡಿ ತೆಗೆದುಕೊಂಡು ಅವನ ಬಾಗಿಲಿಗೆ ಹೋದೆ.

“ಯಾವಾಗ ತಂದು ಸುರಿದೆ ಚಿಕ್ಕಪ್ಪ?”

“ಕಡ್ಡಿ ಸಾಯ್ಸಕ್ಕೆ ನಾನ್ಯಾಕಮ್ಮಿ ಕಷ್ಟ ಪಡ್ಲಿ? ನಿಮ್ಮವ್ವನ್ನ ಕೇಳು.”

ಹಿಂದೆಯೇ ಬಂದ ಅಮ್ಮ ನನ್ನ ಕೈ ನೋಡಿದಳು. “ನಾನೇ ಕಣ್ ಮಗ ಆಕಿದ್ದು, ವಾರ ವಾರ, ನೀ ಕಾಲೇಜ್ಗೋದಾಗ ಬುಡ ಕೆದ್ಕಿ. ಇವ್ನ್ ತಾವ್ಲೇ ಈಸ್ಕಂಡೆ. ಕರಿಬೇವು ಚೆಂದಾಗಿ ಬಂದಿರೋದು ಇದ್ರಿಂದಲೇ ಅಲ್ವಾ?”

ಕಮ್ಮಾರರ ಮನೆಯಲ್ಲಿ ಯಾವ ಗಿಡ ಸೊರಗಿದರೂ ಅದಕ್ಕೆ ಬೂದಿಯೇ ಮದ್ದು. ಆ ಬೂದಿ ಮಣ್ಣಿನ ಹುಳಿಯನ್ನು ಕೊಲ್ಲುತ್ತದೆಂದು ಅಮ್ಮನಿಗೆ ಗೊತ್ತಿರಲಿಲ್ಲ. ಚಿಕ್ಕಪ್ಪನಿಗೂ ಗೊತ್ತಿದ್ದಿರಲಾರದು. ಆದರೂ ಅವನ ತಪ್ಪೇನಿಲ್ಲವೆಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಬೂದಿಯನ್ನೆಲ್ಲ ಬಗೆದು ತೆಗೆದರೂ ಗಿಡ ಉಳಿಯಲಿಲ್ಲ. ಯುಗಾದಿಯ ಮಾರನೆಯ ದಿನ ಚಿಕ್ಕಪ್ಪ ಒಣ ಕಡ್ಡಿಯನ್ನು ಕಿತ್ತು, ಮುರಿದು ಮೂಸಿದ. “ಮುಲಾಮಿನ ವಾಸ್ನೆ ಇನ್ನೂ ಅದೆ ಕಣಮ್ಮಿ” ಎಂದು ನಕ್ಕ. ಸಂಜೆಗೆ ಶೀಟು ಬಿತ್ತು.

ಅಮ್ಮ ಈಗ ಬೀದಿ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಾಳೆ. ಕರಿಬೇವಿಗೆ ಈಗಲೂ ಅವನಿಂದಲೇ ಬೂದಿ ಇಸಕೊಂಡು ಬರುತ್ತಾಳೆ. ಸಾರಿನಲ್ಲಿ ಸಿಕ್ಕ ಕರಿಬೇವನ್ನು ನಾನು ಎಲೆ ಎಲೆಯಾಗಿ ಹೆಕ್ಕಿ, ಎಣಿಸಿ, ತಟ್ಟೆಯ ಅಂಚಿಗೆ ಹಾಕುತ್ತೇನೆ.