ಕೆಂಪಗೆ ಉಳಿದ ದಾಳಿಂಬೆ ರಸದ ಬೆನ್ನು ಹತ್ತಿ

ಲಿಂಗಸುಗೂರಿನಲ್ಲಿ ಸಿಂಧನೂರಿನ ಬಸ್ ಹತ್ತಿದಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕೈಯಲ್ಲಿ ಎರಡು ಖಾಲಿ ಚೀಲ. ಅಕ್ಕ ನೀಲಮ್ಮ ಮಾಡುವ ದಾಳಿಂಬೆ ರಸದ ಬಾಟಲಿಗಳನ್ನು ಮಸ್ಕಿ, ಸಿಂಧನೂರಿನ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಆ ದಿನ ಮಾತ್ರ, ಮೊದಲೇ ಕೊಟ್ಟು ಬಂದದ್ದನ್ನು ವಾಪಸ್ ತರಲು ಹೊರಟಿದ್ದೆ.

ಅಕ್ಕ ತೊಟ್ಟಿಲ ಕಾರ್ಯಕ್ಕೆ ಪಾಮನಕಲ್ಲೂರಿಗೆ ಹೋಗುವಾಗ ಒಂದು ಪಾತ್ರೆ ರಸ ನನಗೆ ಒಪ್ಪಿಸಿದ್ದಳು. ಅವಳು ರಸವನ್ನು ಅಳತೆಯ ಬಿಸಿಗೆ ಕಾಯಿಸುತ್ತಾಳೆ, ಕೆಡದಂತೆ ಹಾಕುವ ಬಿಳಿ ಪುಡಿಯನ್ನು ತಕ್ಕಡಿಯಲ್ಲಿ ತೂಗಿ ನೀರಲ್ಲಿ ಕರಗಿಸಿ ಬೆರೆಸುತ್ತಾಳೆ. ಕಾಯಿಸಿದರೆ ಬಣ್ಣ ಕಂದುತ್ತದೆ, ಗಿರಾಕಿಗಳು ಮೂಗು ಮುರಿಯುತ್ತಾರೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಉಪ್ಪಿನಕಾಯಿಗೆ ಉಪ್ಪು ಜಾಸ್ತಿ ಬಿದ್ದಷ್ಟೂ ಕೆಡುವುದಿಲ್ಲವಲ್ಲ, ಈ ಪುಡಿಯೂ ಹಾಗೇ, ಜಾಸ್ತಿ ಹಾಕಿದರೆ ಕಾಯಿಸುವುದೇ ಬೇಡ ಎಂದುಕೊಂಡೆ. ರಸ ಬೆಚ್ಚಗಾಗುತ್ತಲೇ ಇಳಿಸಿ, ಒಂದು ಹಿಡಿ ಪುಡಿ ಉದುರಿಸಿ ಬಾಟಲಿಗೆ ತುಂಬಿದೆ. ಅಕ್ಕನ ಬಾಟಲಿಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿಟ್ಟು ಅಂಗಡಿಗಳಿಗೆ ಕೊಟ್ಟೂ ಬಂದೆ.

ಆಮೇಲೆ ಮನೆಯಲ್ಲಿ ಉಳಿದ ಒಂದು ಬಾಟಲಿಯ ಮುಚ್ಚಳ ಉಬ್ಬಿತು. ತೆಗೆದರೆ ಬುಸ್ಸೆಂದು ನೊರೆ ಬಂತು. ಅದೇ ಪಾತ್ರೆಯ ಇನ್ನೊಂದು ಬಾಟಲಿ ಸುಮ್ಮನಿತ್ತು, ಆದರೆ ನಾಲಿಗೆಗೆ ಹಚ್ಚಿದರೆ ಗಂಟಲು ಕೆರೆಯಿತು. ಪುಡಿ ಒಂದಕ್ಕೆ ತಲುಪಿರಲಿಲ್ಲ, ಇನ್ನೊಂದಕ್ಕೆ ಮಿತಿ ಮೀರಿ ಬಿದ್ದಿತ್ತು ಅನ್ನಿಸಿತು. ಇನ್ನೂ ಪಾಮನಕಲ್ಲೂರಿನಲ್ಲೇ ಇದ್ದ ಅಕ್ಕನಿಗೆ ಹೇಳದೆ ಬಸ್ ಹತ್ತಿದೆ.

ಮಸ್ಕಿಗೆ ಒಂದು ತಾಸಿನ ದಾರಿ. ಅಂಗಡಿಯ ಬಸಣ್ಣ ನನ್ನನ್ನು ಕಂಡು ಕೂಗಿದರು.

“ಬಾರಪಾ ತಮ್ಮಾ! ಈ ಸಲದ್ದು ಭಾರಿ ಆಗೈತಿ ನೋಡು. ಹಿಂದಿಂದು ಕುಡದ್ರ ಕಷಾಯ ಕುಡದಂಗ ಆಗತಿತ್ತು. ಇನ್ನೊಂದು ಪೆಟ್ಟಿಗಿ ಕೊಡು.”

“ಇದ್ದಿದ್ದನ್ನ ವಾಪಸ್ ಕೊಡ್ರೀ ಯಜಮಾನ್ರ.”

“ಯಾಕಲೇ? ಸಿಂಧನೂರಾಗ ನನಗಿಂತ ದೊಡ್ಡ ಗಿರಾಕಿ ಸಿಕ್ಕಾನೇನು?”

ಬಾಟಲಿಗೆ ಅಂಟಿಸಿದ ಚೀಟಿ ತಪ್ಪಾಗಿದೆ ಎಂದು ಸುಳ್ಳು ಹೇಳಿದೆ. ಕೆಂಪಗಿದ್ದವು ನನ್ನವೆಂದು ಚೀಲಕ್ಕೆ ಹಾಕಿಕೊಂಡೆ, ಕಂದಿದವು ಅಕ್ಕನವೆಂದು ಬಿಟ್ಟೆ. ನಿಲ್ದಾಣದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಗೊಂಡೆ. ಅರ್ಧಕ್ಕೇ ಬಿಟ್ಟು ಸಿಂಧನೂರಿನ ಬಸ್ ಹತ್ತಿದೆ.

ಸಿಂಧನೂರು ಹತ್ತಿರವಾದಂತೆ ಕಾಲುವೆ ನೀರು, ಹಸಿರು ಗದ್ದೆ. ನಿಲ್ದಾಣದ ಬಳಿ ಗಂಗಮ್ಮನ ತಂಪು ಪಾನೀಯದ ಅಂಗಡಿ. ಬಿಸಿಲು ಬೀಳುವ ಹಲಗೆಯ ಮೇಲೆ ಒಂದು ಬಾಟಲಿಯ ಮುಚ್ಚಳ ಉಬ್ಬಿತ್ತು. ಅದರ ರಸ ಕಂದಾಗಿತ್ತು! ಹಾಗಾದರೆ ಕೆಂಪೆಲ್ಲ ನನ್ನವಲ್ಲ, ಕಂದೆಲ್ಲ ಅಕ್ಕನವಲ್ಲ. ಮಸ್ಕಿಯಲ್ಲಿ ಬಿಟ್ಟು ಬಂದವು ಯಾರವು? ಅಂಗಡಿಯಲ್ಲಿದ್ದ ಬಾಟಲಿಗಳನ್ನು ಎಣಿಸಿದೆ.

“ಒಂದು ಕಮ್ಮಿ ಐತಲ್ಲ ಗಂಗವ್ವಾ?”

“ಆಟೋ ಮೌಲಾಸಾಬ ಮುಂಜಾನೆ ಒಯ್ದಾನ. ಹೆಂಡ್ತಿ ಹಡದಾಳ, ದಾಳಿಂಬ್ರಿ ಕುಡದ್ರ ರಕ್ತ ಆಗ್ತೈತಿ ಅಂತ ನಾನಾ ಕೊಟ್ಟೀನಿ. ಯಾಕ, ಮಾರಿ ಹಿಂಗ್ಯಾಕಾತು?”

ಅಲ್ಲಿದ್ದ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ, ದಾರಿ ಕೇಳಿಕೊಂಡು ಮೌಲಾಸಾಬನ ಮನೆಗೆ ಓಡಿದೆ. ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಒಳಗಿನಿಂದ ಬಾಣಂತಿ ಹೇಳಿದಳು: “ಚಲೋ ಐತ್ರೀ. ಗಂಟಲ ಒಂದು ಸ್ವಲ್ಪ ಕೆರದಂಗಾತು, ಅಷ್ಟಾ.”

ಹೊಸ್ತಿಲಲ್ಲೇ ನಿಂತು ಅಕ್ಕನಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ.

“ಮೊದಲು ಆಕಿನ್ನ ದವಾಖಾನಿಗಿ ಕರಕೊಂಡು ಹೋಗು. ಹಾಕಿದ್ದು ಹಾಕಿದಂಗ ಹೇಳು. ನನ್ನ ಮಾನ ಕಾಯಾಕ ಹೋಗಬ್ಯಾಡ.”

ಮನೆಯಲ್ಲೇ ಇದ್ದ ಮೌಲಾಸಾಬ ಹೆಂಡತಿಯನ್ನು ಕೂರಿಸಿಕೊಂಡು, ನನ್ನ ಮುಖ ನೋಡದೆ ಆಟೋ ಓಡಿಸಿದ. ಡಾಕ್ಟರು ಕೇಳಿದರು: “ಪುಡಿ ಎಷ್ಟು ಹಾಕೀರಿ?”

“ಒಂದು ಹಿಡಿ.”

“ಹಿಡಿ ಅಂದ್ರ ಎಷ್ಟು?”

ಅಂಗೈ ತೆರೆದು ತೋರಿಸಿದೆ. ಬರೆಯಲು ಎತ್ತಿದ ಪೆನ್ನು ಅಲ್ಲೇ ನಿಂತಿತು. ಸಂಜೆವರೆಗೂ ಅವಳನ್ನು ಅಲ್ಲೇ ಇರಿಸಿಕೊಂಡರು. ವಾಂತಿಯಾಗಲಿಲ್ಲ. “ಈಗ ಏನಿಲ್ಲ. ರಾತ್ರಿ ಹೊಟ್ಟಿ ನೋವಾದ್ರ ಕರಕೊಂಡು ಬರ್ರಿ” ಎಂದು ಕಳಿಸಿದರು. ಅದು ಸಮಾಧಾನವೋ ಎಚ್ಚರಿಕೆಯೋ ನನಗೆ ತಿಳಿಯಲಿಲ್ಲ.

ವಾಪಸ್ ಮಸ್ಕಿಯಲ್ಲಿ ಇಳಿದರೆ, ಬಸಣ್ಣನ ಅಂಗಡಿಯಲ್ಲಿ ಅಕ್ಕ. ಪಾಮನಕಲ್ಲೂರಿನಿಂದ ಬಂದು ಉಳಿದ ಬಾಟಲಿಗಳನ್ನೆಲ್ಲ ಕೆಳಗಿಳಿಸಿದ್ದಳು.

“ಅಕ್ಕಾ, ಅದರಾಗ ನಿನ್ನ ಕೈಯವೂ ಅದಾವು.”

“ಯಾವು? ತಗದು ಕೊಡು.”

ಒಂದನ್ನೂ ಗುರುತಿಸಲಾಗಲಿಲ್ಲ. ಅವಳು ಎಲ್ಲವನ್ನೂ ಚೀಲಕ್ಕೆ ತುಂಬಿದಳು.

“ಆ ಬಾಣಂತಿ ಹೆಸರೇನು?” ಅಕ್ಕ ಕೇಳಿದಳು.

ಮನೆಯ ಹೊಸ್ತಿಲವರೆಗೆ ಹೋಗಿದ್ದೆ, ದವಾಖಾನೆಯಲ್ಲಿ ಮಧ್ಯಾಹ್ನವೆಲ್ಲ ಕೂತಿದ್ದೆ. ಹೆಸರು ಕೇಳಿರಲಿಲ್ಲ.

“ಚೀಲ ತಗೊಂಡು ಮನಿಗಿ ನಡಿ. ಎಲ್ಲಾ ಚೆಲ್ಲು. ನಾ ಇವತ್ತು ರಾತ್ರಿ ಆಕಿ ಮನ್ಯಾಗ ಇರ್ತೀನಿ.”

ನನ್ನ ಬಸ್ ಲಿಂಗಸುಗೂರಿನ ಕಡೆ ಹೊರಟಾಗ ಹಿಂದಿನ ಗಾಜಿನಲ್ಲಿ ನೋಡಿದೆ. ಅಕ್ಕ ರಸ್ತೆಯ ಆಚೆ, ತಲೆಯ ಮೇಲೆ ಸೆರಗು ಹೊದ್ದು, ಸಿಂಧನೂರಿನ ಬಸ್ಸಿಗೆ ಕೈ ಮಾಡುತ್ತಿದ್ದಳು.