ಬಾಡಿಗೆ ಕಾರಿಗೆ ಖಂಡೆ ಪೂಜೆ

ಗ್ರಾಂಟ್ ರೋಡಿನ ಆ ಮೋಟಾರು ಅಂಗಡಿ ಈಗ ಇಲ್ಲವಂತೆ. ಆ ಜಾಗದಲ್ಲಿ ಸೀರೆ ಅಂಗಡಿಯೋ ಮಂಚ, ಕಪಾಟು ಮಾರುವ ಅಂಗಡಿಯೋ ಬಂದಿದೆ ಎಂದು ಮುಂಬಯಿಯಿಂದ ಬಂದವರೊಬ್ಬರು ಹೇಳಿದರು. ಒಳ್ಳೆಯದೇ ಆಯಿತು ಅಂದೆ. ಮುಪ್ಪು ಬಂದಂತೆ ಮನುಷ್ಯರ ಸಿಟ್ಟು ತಗ್ಗುತ್ತದೆ ಅನ್ನುತ್ತಾರೆ. ಯಾರದು ತಗ್ಗಿದೆಯೋ ನನಗೆ ಗೊತ್ತಿಲ್ಲ, ನನ್ನದಂತೂ ತಗ್ಗಿಲ್ಲ.

ಐವತ್ತರ ದಶಕದ ಮಾತು. ಮುಲುಂಡಿನ ಒಂದು ಬಿಲ್ಡಿಂಗಿನ ನೆಲ ಅಂತಸ್ತಿನಲ್ಲಿ ನಾವು ಮೂವರಿದ್ದೆವು. ನಾನು, ನಮ್ಮವರು ಮತ್ತು ಅವರ ತಾಯಿ, ಅಂದರೆ ನನ್ನ ಅತ್ತೆ. ನಮ್ಮವರು ಧಾರವಾಡದಿಂದ ಬಂದು ಔಷಧದ ಕಂಪನಿಯೊಂದರಲ್ಲಿ ಕೆಲಸ ಹಿಡಿದಿದ್ದರು. ಚರ್ಮದ ಚೀಲದ ತುಂಬ ಗುಳಿಗೆ, ಟಾನಿಕ್ಕಿನ ಬಾಟಲಿ ತುಂಬಿಕೊಂಡು ದವಾಖಾನೆಯಿಂದ ದವಾಖಾನೆಗೆ ಅಲೆದು, ನಮ್ಮ ಔಷಧವನ್ನೇ ಬರೆದುಕೊಡಿ ಎಂದು ಡಾಕ್ಟರುಗಳನ್ನು ಒಲಿಸುವ ಕೆಲಸ. ಒಂದು ಸಂಜೆ ಕುರ್ಲಾದಲ್ಲಿ ಲೋಕಲ್ ರೈಲಿನಿಂದ ಇಳಿಯುವಾಗ ಹಿಂದಿನವರ ನೂಕಾಟಕ್ಕೆ ಬಿದ್ದು ಅವರ ತೊಡೆಯ ಎಲುಬು ಮುರಿಯಿತು. ಎಲುಬೇನೋ ಕೂಡಿಕೊಂಡಿತು, ಕಾಲು ಮಾತ್ರ ಗಿಡ್ಡವಾಯಿತು. ಕೈಗೆ ಕೋಲು ಬಂತು. ಸ್ಟೇಷನ್ನಿನ ಮೆಟ್ಟಿಲು ಕಂಡರೆ ಸಾಕು, ಅವರ ಮುಖ ಸಣ್ಣದಾಗುತ್ತಿತ್ತು.

ಕೆಲಸದಲ್ಲಿ ಅವರು ಗಟ್ಟಿ ಆಳು. ಬಿಟ್ಟುಕೊಡಲು ಕಂಪನಿಗೆ ಮನಸ್ಸಿರಲಿಲ್ಲ. ದೊಡ್ಡ ಸಾಹೇಬರುಗಳಿಗಾಗಿ ಕಂಪನಿಯವರು ಗ್ರಾಂಟ್ ರೋಡಿನ ಆ ಅಂಗಡಿಯಿಂದ ಕೆಲವು ಕಾರುಗಳನ್ನು ತಿಂಗಳ ಬಾಡಿಗೆಗೆ ಹಿಡಿದಿದ್ದರು. ಅದರಲ್ಲೊಂದನ್ನು ನಮ್ಮವರಿಗೆ ಕೊಟ್ಟರು. ಕರಾರು ಇಷ್ಟೇ. ತಿಂಗಳಿಗೊಮ್ಮೆ ಕಾರನ್ನು ಅಂಗಡಿಯ ಹಿಂದಿದ್ದ ಸರ್ವಿಸ್ ಡಿಪಾರ್ಟ್‌ಮೆಂಟಿಗೆ ಒಯ್ದು ತೋರಿಸಬೇಕು. ಗಾಡಿ ಹಾಳು ಮಾಡಿದ್ದಾರೆ ಎಂದು ಅವರು ಕಂಪನಿಗೆ ಒಂದು ಮಾತು ಹೇಳಿದರೆ ಮುಗಿಯಿತು. ಕಾರು ವಾಪಸು, ಮತ್ತೆ ಲೋಕಲ್ಲು, ಮತ್ತೆ ಮೆಟ್ಟಿಲು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕೆನೆ ಬಣ್ಣದ ಪುಟ್ಟ ಕಾರು ಅದು. ಬಿಲ್ಡಿಂಗಿನ ಮುಂದಿನ ಬಾದಾಮಿ ಗಿಡದ ಕೆಳಗೆ ನಿಲ್ಲಿಸುತ್ತಿದ್ದರು. ಗಿಡದ ಎಲೆ ಬಿದ್ದರೂ ಎದ್ದು ಹೋಗಿ ತೆಗೆಯುತ್ತಿದ್ದರು. ನನ್ನ ಮೈಗೆ ಜ್ವರ ಬಂದಾಗ ಇಷ್ಟು ಸಲ ಎದ್ದು ಬಂದವರಲ್ಲ ಎಂದು ನಾನು ಚುಚ್ಚಿದ್ದೂ ಉಂಟು. ಆದರೆ ಕಾರು ಬಂದಮೇಲೆ ಸಂಜೆ ಮನೆಗೆ ಬರುವಾಗ ಅವರ ಮುಖ ಮನುಷ್ಯರ ಮುಖದ ಹಾಗೆ ಇರುತ್ತಿತ್ತು. ಅದಕ್ಕಾಗಿ ನಾನೂ ಆ ಕಾರನ್ನು ಪ್ರೀತಿಸಿದೆ.

ನವರಾತ್ರಿ ಬಂತು. ನಮ್ಮ ಕಡೆ ಒಂಬತ್ತನೆಯ ದಿನ ಖಂಡೆ ಪೂಜೆ. ಯಾವುದರಿಂದ ಅನ್ನ ಹುಟ್ಟುತ್ತದೋ ಅದನ್ನು ತೊಳೆದು, ಕುಂಕುಮ ಹಚ್ಚಿ, ಹೂ ಏರಿಸಿ ಕೈಮುಗಿಯಬೇಕು. ಪ್ರತಿ ವರ್ಷ ಅತ್ತೆ ನಮ್ಮವರ ಚರ್ಮದ ಚೀಲ, ನನ್ನ ಹೊಲಿಗೆ ಯಂತ್ರ, ಕತ್ತರಿ ಇವಿಷ್ಟನ್ನು ಪೂಜಿಸುತ್ತಿದ್ದರು. ಆ ವರ್ಷ ಕಾರಿನದೇ ದೊಡ್ಡ ಪೂಜೆ. ಚಿಟಿಕೆ ಒಣ ಕುಂಕುಮ ಸಾಕು, ಬಾಡಿಗೆಯ ಗಾಡಿ ಎಂದು ನಾನು ಹೇಳಿದೆ. ಅತ್ತೆ ಕೇಳುವವರೇ? ತಮ್ಮ ಎಲೆ ಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಅರಿಶಿನದಲ್ಲಿ ಕಲಸಿದರು. ಕೆಂಪಗೆ ರಕ್ತದಂಥ ಬಣ್ಣ ಬಂತು. ಉಂಗುರ ಬೆರಳಿನಿಂದ ಬಾನೆಟ್ಟಿನ ಮೇಲೆ ದೊಡ್ಡದೊಂದು ಸ್ವಸ್ತಿಕ ಬರೆದರು. ಅದನ್ನು ಕೈಯಿಂದ ಒರೆಸಬಾರದು, ತಾನಾಗಿ ಅಳಿಸಿ ಹೋಗುವವರೆಗೆ ಇರಬೇಕು ಎಂಬುದು ಅವರ ತವರಿನ ಪದ್ಧತಿ. ನಮ್ಮವರು ತಾಯಿಯ ಮಾತು ಮೀರುವವರಲ್ಲ. ದಸರೆ ಮುಗಿದ ಮೇಲಿನ ಆ ಉರಿ ಬಿಸಿಲಿನಲ್ಲಿ ಕುರ್ಲಾದಿಂದ ಠಾಣೆಯವರೆಗೆ ಆ ಕೆಂಪು ಸ್ವಸ್ತಿಕ ಹೊತ್ತುಕೊಂಡೇ ಓಡಾಡಿದರು.

ಅಂಗಡಿಗೆ ತೋರಿಸುವ ದಿನ ಹತ್ತಿರ ಬಂದಾಗ ನಮ್ಮವರು ಸ್ವಸ್ತಿಕಕ್ಕೆ ಕೈ ಹಚ್ಚದೆ, ಬರೀ ನೀರು ಹೊಯ್ದು ಕಾರು ತೊಳೆದರು. ಕೆಂಪು ಹೋಯಿತು. ಅದರ ಕೆಳಗಿನ ಕೆನೆ ಬಣ್ಣವೂ ಸುಟ್ಟಂತಾಗಿತ್ತು. ಬಾನೆಟ್ಟಿನ ಮೇಲೆ ಈಗ ಕಂದು ಬಣ್ಣದ ಸ್ವಸ್ತಿಕ. ಅಷ್ಟಕ್ಕೇ ಬಿಟ್ಟಿದ್ದರೂ ಏನಾದರೂ ಆಗುತ್ತಿತ್ತೋ ಏನೋ. ಮರುದಿನ ನಸುಕಿನಲ್ಲಿ ಅತ್ತೆ ಯಾರಿಗೂ ಹೇಳದೆ ಎದ್ದು ಹೋಗಿ, ದೇವರ ತಾಮ್ರದ ತಂಬಿಗೆ ತಿಕ್ಕುವ ಹಾಗೆ ಬಾನೆಟ್ಟನ್ನು ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿದರು. ನಾನು ಹೊರಗೆ ಬರುವಷ್ಟರಲ್ಲಿ ಸ್ವಸ್ತಿಕ ಇರಲಿಲ್ಲ. ಅದಿದ್ದ ಜಾಗದಲ್ಲಿ ಜೋಳದ ರೊಟ್ಟಿಯಷ್ಟು ಅಗಲಕ್ಕೆ ಬಣ್ಣವೇ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಇವರಿಗೆ ಕೆಟ್ಟ ಮೇಲೂ ಬುದ್ಧಿ ಬಂದಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದೆ. ನೆರೆಹೊರೆಯವರು ಕಿಟಕಿ ತೆರೆದರು. ಅತ್ತೆ ಹುಣಸೆಯ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಒಂದೇ ಮಾತು ಕೇಳಿದರು.

“ದುಡದು ಹಾಕೂದಕ್ಕ ಕೈ ಮುಗೀಬಾರದೇನು?”

ಅಂಗಡಿಗೆ ನಮ್ಮವರನ್ನು ಒಬ್ಬರನ್ನೇ ಕಳಿಸಲು ನನಗೆ ಧೈರ್ಯವಿರಲಿಲ್ಲ. ಅವರು ಸುಳ್ಳು ಹೇಳಲಾರರು, ದನಿ ಏರಿಸಲಾರರು. ನಾನೂ ಹತ್ತಿದೆ. ಅತ್ತೆಯೂ, ನಾನು ಮಾಡಿದ್ದು, ನಾನೂ ಬರುತ್ತೇನೆ ಎಂದು ಇಳಕಲ್ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತರು.

ಅಂಗಡಿಯ ಮುಂಭಾಗ ಗಾಜಿನ ಅರಮನೆ. ಅಲ್ಲಿ ಸೋಫಾ, ಫ್ಯಾನು, ಹೊಸ ಕಾರು ಕೊಳ್ಳುವವರಿಗೆ ಗಾಜಿನ ಲೋಟದಲ್ಲಿ ಶರಬತ್ತು. ಹಿಂಭಾಗದಲ್ಲಿ ಎಣ್ಣೆ ಕುಡಿದು ಕರಿಯಾದ ನೆಲ, ಗೋಡೆಗೆ ಒಂದು ಮರದ ಬೆಂಚು. ಬಾಡಿಗೆಯವರಿಗೆ ಅದೇ. ಅತ್ತೆ ಆ ಬೆಂಚಿನ ಮೇಲೆ ಕೂತರು. ನಾನೂ ನಮ್ಮವರೂ ಕಾರಿನ ಬಳಿ ನಿಂತೆವು. ಕುಂಟುಗಾಲಿನ ಮನುಷ್ಯ ಕೋಲೂರಿ ನಿಂತಿದ್ದಾನೆ, ಒಂದು ಕುರ್ಚಿ ಕೊಡೋಣ ಎಂದು ಅಲ್ಲಿದ್ದ ಒಬ್ಬನಿಗೂ ಅನಿಸಲಿಲ್ಲ. ನನಗೆ ಆಗಲೇ ಮೈ ಉರಿಯಲು ಸುರುವಾಗಿತ್ತು.

ಸರ್ವಿಸ್ ಡಿಪಾರ್ಟ್‌ಮೆಂಟಿನ ಸೂಪರ್‌ವೈಸರ್ ಬಂದ. ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ನಾವು ನಮ್ಮೊಳಗೆ ಆಡಿದ ಮಾತು ಕೇಳಿ, ಓ, ಕನ್ನಡದವರಾ ಎಂದ. ಮಂಗಳೂರು ಕಡೆಯವನಂತೆ. ನನಗೆ ಹೋದ ಜೀವ ಬಂದಂತಾಯಿತು. ನಮ್ಮವನೇ ಅಲ್ಲವೇ, ಹೇಗಾದರೂ ದಾಟಿಸುತ್ತಾನೆ ಅಂದುಕೊಂಡೆ. ಅವನು ಬಾನೆಟ್ಟಿನ ರೊಟ್ಟಿಯ ಮೇಲೆ ಬೆರಳಾಡಿಸಿ, ಇದಕ್ಕೆ ಏನು ಹಚ್ಚಿದಿರಿ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಸುಣ್ಣ, ಅರಿಶಿನ, ಹುಣಸೆಹಣ್ಣು ಎಲ್ಲವನ್ನೂ ಕೋರ್ಟಿನಲ್ಲಿ ನಿಂತವರಂತೆ ಒಪ್ಪಿಸಿಬಿಟ್ಟರು. ಬಣ್ಣ ಹೊಡೆಸುವ ಖರ್ಚು ನನ್ನದು ಎಂದೂ ಸೇರಿಸಿದರು.

“ನೋಡಿ ಮಾರಾಯ್ರೆ, ನಾನೂ ಆಯುಧ ಪೂಜೆ ಮಾಡುವವನೇ,” ಅಂದ ಅವನು. “ಆದ್ರೆ ಗಾಡಿ ನಿಮ್ಮದಲ್ಲವಲ್ಲ.”

ಅವನ ಬೆನ್ನ ಹಿಂದೆಯೇ ಗಾಡಿಗಳನ್ನು ಮೇಲೆತ್ತುವ ದೊಡ್ಡ ಯಂತ್ರವಿತ್ತು. ದಸರೆಯ ಚೆಂಡುಹೂವಿನ ಮಾಲೆ ಒಣಗಿ ಅದಕ್ಕಿನ್ನೂ ಜೋತುಬಿದ್ದಿತ್ತು. ಅದರ ಕಂಬದ ಮೇಲೆ ಮೊಳದುದ್ದ ಕೆಂಪು ನಾಮ. ನಾನು ಅದನ್ನು ತೋರಿಸಿ, ಇದಕ್ಕೆ ಹಚ್ಚಿದ್ದೇನು ಎಂದು ಕೇಳಿದೆ. ಅವನು ತಿರುಗಿ ಕೂಡ ನೋಡಲಿಲ್ಲ. ಅದು ಅಂಗಡಿಯದ್ದು ಅಮ್ಮ, ಸ್ವಂತದ್ದು ಅಂದ.

ಇವತ್ತಿಗೂ ಆ ಮಾತು ನೆನೆದರೆ ಹಲ್ಲು ಕಡಿಯುತ್ತೇನೆ. ಅನ್ನ ಹಾಕುವುದಕ್ಕೆ ಕೈಮುಗಿಯಲೂ ಮಾಲೀಕತನ ಬೇಕೇ? ಹಾಗಾದರೆ ಊರಿನಲ್ಲಿ ಪಾಲಿಗೆ ಉಳುವವನು ನೇಗಿಲಿಗೆ ಕುಂಕುಮ ಇಡಬಾರದು, ಬಾಡಿಗೆಯ ಮನೆಯಲ್ಲಿ ಹೊಸ್ತಿಲ ಪೂಜೆ ಮಾಡಬಾರದು. ಇದನ್ನೆಲ್ಲ ಅವನಿಗೆ ಹೇಳಬೇಕಿತ್ತು. ಆದರೆ ಆ ಹೊತ್ತಿಗೆ ನನ್ನ ಬಾಯಿಗೆ ಬಂದದ್ದು ಬರೀ ಬೈಗುಳ. ಅದನ್ನು ನಮ್ಮವರು ಕೋಲಿನಿಂದ ನನ್ನ ಪಾದವನ್ನು ಮೆಲ್ಲಗೆ ಒತ್ತಿ ತಡೆದರು.

ಸೂಪರ್‌ವೈಸರ್ ನಮ್ಮಿಬ್ಬರನ್ನೂ ಯಂತ್ರದ ಆಚೆ ಬದಿಗೆ ಕರೆದ. ದನಿ ಇಳಿಸಿ ಮಾತಾಡಿದ. ಅವನ ಪ್ರಕಾರ ಕೆಲಸ ಸುಲಭದ್ದು. ಪೇಂಟರ್ ಇದ್ದಾನೆ, ಸಂಜೆಯೊಳಗೆ ಬಣ್ಣ ಹೊಡೆಸಬಹುದು. ಆದರೆ ಒಳಗೆ ಕೂತಿರುವ ಮ್ಯಾನೇಜರು ಗಾಡಿ ಬರುವಾಗಲೇ ಕಿಟಕಿಯಿಂದ ನೋಡಿದ್ದಾರೆ. ಅವರಿಗೊಂದು ಸಮಾಧಾನ ಹೇಳಬೇಕು.

“ಹಳ್ಳಿ ಮುದುಕಿ, ತಲೆ ಸರಿ ಇಲ್ಲ, ನಾನು ಮನೆಯಲ್ಲಿ ಇಲ್ಲದಾಗ ಹೀಗೆ ಮಾಡಿದಳು ಅಂತ ಹೇಳಿಬಿಡಿ. ಅವ್ರು ನಕ್ಕು ಬಿಡ್ತಾರೆ. ಕಂಪನಿವರೆಗೆ ಹೋಗುವುದಿಲ್ಲ.”

ನಿಜ ಹೇಳುತ್ತೇನೆ, ನನಗೆ ಅದು ದೊಡ್ಡ ಮಾತು ಅನಿಸಲೇ ಇಲ್ಲ. ಹುಣಸೆಹಣ್ಣಿನಿಂದ ಕಾರು ತಿಕ್ಕುವವರ ತಲೆ ಸರಿ ಇದೆಯೆಂದು ನಾನೂ ಒಪ್ಪುತ್ತಿರಲಿಲ್ಲ. ಹೂಂ ಅನ್ನಿ ಎಂದು ಮೊಣಕೈಯಿಂದ ತಿವಿದೆ. ನಮ್ಮವರು ಯಂತ್ರದ ಕಂಬದ ಸಂದಿಯಿಂದ, ನಾಲ್ಕೇ ಹೆಜ್ಜೆ ಆಚೆಗಿದ್ದ ಬೆಂಚಿನ ಕಡೆ ನೋಡಿದರು. ಅತ್ತೆ ಸೆರಗು ಹೊದ್ದು, ಎಲೆ ಅಡಿಕೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ತಲೆ ಬಗ್ಗಿಸಿ ಕೂತಿದ್ದರು.

“ನಮ್ಮ ಅವ್ವನ ತಲಿ ಸರಿ ಅದ,” ಎಂದರು ನಮ್ಮವರು. “ಆಕಿ ಪೂಜಾ ಮಾಡ್ಯಾಳ. ಇಷ್ಟ ಹೇಳತೇನಿ. ಬ್ಯಾರೆ ಹೇಳೂದಿಲ್ಲ.”

ಹೇಳಿ ಕೋಲೂರುತ್ತ ಮ್ಯಾನೇಜರನ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು. ತಾಯಿ ಪೂಜೆ ಮಾಡಿದಳು, ಅದರಿಂದ ಬಣ್ಣ ಹೋಯಿತು ಎಂದು ಹಿಂದಿಯಲ್ಲಿ ಹೇಳಿದ್ದು ಕೇಳಿಸಿತು. ನಮ್ಮ ಗಾಡಿಗೆ ಪೂಜೆ ಮಾಡಲು ನಿಮಗೆ ಪರವಾನಗಿ ಕೊಟ್ಟವರಾರು ಎಂದು ಅವನು ಕೇಳಿದ. ಆಮೇಲೆ ಫೋನು ತಿರುಗಿಸಿದ ಸದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕಂಪನಿ ಕೊಟ್ಟ ಕಾರು ಆ ಕೋಣೆಯಲ್ಲಿ ಹೋಯಿತು. ಮೇಜಿನ ಮೇಲೆ ಚಾವಿ ಇಟ್ಟು ನಮ್ಮವರು ಹೊರಗೆ ಬಂದರು.

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಲೋಕಲ್ ಹಿಡಿದೆವು. ದಾದರದಲ್ಲಿ ರೈಲು ಬದಲಿಸಲು ಸೇತುವೆ ಹತ್ತಬೇಕು. ಒಂದೊಂದು ಮೆಟ್ಟಿಲಿಗೂ ಅವರು ನಿಂತು ನಿಂತು ಹತ್ತಿದರು. ಜನ ಹಿಂದಿನಿಂದ ಬೈದರು. ಆಗ ನನ್ನ ಬಾಯಿ ಬಿಚ್ಚಿತು. ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಅನ್ನದವರು, ಇಲ್ಲ ಅನ್ನಲಿಕ್ಕೆ ಇದೇ ದಿನ ಸಿಕ್ಕಿತೇ ಎಂದು ಅತ್ತೆಗೆ ಕೇಳದಂತೆ ಕಿವಿಯಲ್ಲಿ ಹಂಗಿಸಿದೆ. ಅವರು ಮೆಟ್ಟಿಲ ಪಕ್ಕದ ಕಂಬಿ ಹಿಡಿದು ಉಸಿರು ಬಿಟ್ಟು, ಮುಂದಿನ ಮೆಟ್ಟಿಲಿಗೆ ಕೋಲೂರಿದರು. ಲೋಕಲ್ಲಿನಲ್ಲಿ ಅತ್ತೆ, ಕಾರು ಯಾಕೆ ಬಿಟ್ಟು ಬಂದೆವು ಎಂದು ಕೇಳಿದರು. ಬಣ್ಣ ಹೊಡೆಯಲು ದಿನ ಹಿಡಿಯುತ್ತದೆ ಎಂದು, ಸುಳ್ಳು ಹೇಳಲಾರದ ಆ ಮನುಷ್ಯ, ಸುಳ್ಳು ಹೇಳಿದರು. ಮುಂದೆ ಕಂಪನಿಯೇ ಎಲ್ಲರ ಕಾರು ವಾಪಸು ಕೊಟ್ಟಿತು ಎಂದು ಇನ್ನೊಂದು ಸುಳ್ಳು. ಅತ್ತೆ ಮತ್ತೆ ಕೇಳಲಿಲ್ಲ.

ಆ ವರ್ಷವೆಲ್ಲ ನಮ್ಮವರು ಲೋಕಲ್ಲಿನಲ್ಲೇ ಓಡಾಡಿದರು. ಸಂಜೆ ಕಾಲು ಬಾತು ಬರುತ್ತಿತ್ತು. ನಾನು ಬಿಸಿ ಎಣ್ಣೆ ತಿಕ್ಕುವಾಗ ಸೂಪರ್‌ವೈಸರನನ್ನು ಬೈದೆ, ಮ್ಯಾನೇಜರನನ್ನು ಬೈದೆ, ಕೆನೆ ಬಣ್ಣ ಕಂಡುಹಿಡಿದವನನ್ನೂ ಬೈದೆ. ಅತ್ತೆಯನ್ನು ಮನಸ್ಸಿನಲ್ಲಿ ಬೈದೆ. ಎಲ್ಲಾ ನಿಮ್ಮಿಂದಲೇ ಎಂದು ಹೇಳಿಬಿಡುವ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿತ್ತು. ನಮ್ಮವರು ನನ್ನನ್ನು ಒಂದು ಸಲ ನೋಡುತ್ತಿದ್ದರು, ಅಷ್ಟೇ. ಮಾತು ನುಂಗಿ ಎಣ್ಣೆಯನ್ನು ಇನ್ನೂ ಜೋರಾಗಿ ತಿಕ್ಕುತ್ತಿದ್ದೆ.

ಮತ್ತೆ ನವರಾತ್ರಿ. ಅತ್ತೆ ಮಣೆಯ ಮೇಲೆ ಚೀಲ, ಕತ್ತರಿ ಇಟ್ಟರು. ಹೊಲಿಗೆ ಯಂತ್ರಕ್ಕೆ ಹೂ ಏರಿಸಿದರು. ಬಾಗಿಲ ಮೂಲೆಗೆ ಹೋಗಿ ನಮ್ಮವರ ಕೋಲನ್ನು ತಂದು, ಒದ್ದೆ ಬಟ್ಟೆಯಿಂದ ಒರೆಸಿ, ಚೀಲದ ಪಕ್ಕದಲ್ಲಿ ಮಲಗಿಸಿದರು. ಬಟ್ಟಲಲ್ಲಿ ಅರಿಶಿನ ಹಾಕಿದರು. ಎಲೆ ಅಡಿಕೆ ಡಬ್ಬಿಗೆ ಕೈ ಹಾಕಿದವರು ಹಾಗೇ ನಿಂತರು.

“ಸುಣ್ಣ ಹಚ್ಚಿದರ ಇದರ ಬಣ್ಣ ಹೋಗೂದಿಲ್ಲಲ್ಲ?” ಎಂದು ಮಗನನ್ನು ಕೇಳಿದರು.

ನಮ್ಮವರು ನನ್ನ ಮುಖ ನೋಡಿದರು. ನಾನು ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟೆ.

“ತಲಿ ಸರಿ ಇಲ್ಲದ ಮುದುಕಿ ಕೇಳಾಕತ್ತೇನಿ,” ಅಂದರು ಅತ್ತೆ. “ಹೇಳಪಾ.”

ನಮ್ಮವರು ಗೋಡೆ ಹಿಡಿದು, ಆ ಗಿಡ್ಡ ಕಾಲನ್ನು ಎಳೆದುಕೊಂಡು ಮಣೆಯ ಮುಂದೆ ಬಂದು ಕೂತರು.

“ಹಚ್ಚವ್ವಾ,” ಎಂದರು. “ಇದು ನಮ್ಮ ಸ್ವಂತದ್ದು.”

ಅತ್ತೆ ಸುಣ್ಣ ತೆಗೆದು ಕಲಸಿದರು. ಈ ಸಲ ನಾನು ಬೇಡ ಅನ್ನಲಿಲ್ಲ.